ಭಾನುವಾರ ಬೆಳಿಗ್ಗೆ 7ಕ್ಕೆ ಫೈನಲ್, ಮಂಜು ನೋಡಿದ್ರೆ ಹಾಫ್‌ಲೈನೇ ಕಾಣ್ತಿಲ್ಲ. ಮ್ಯಾಚ್ ಮುಂದಕ್ಕೆ ಹಾಕೋದಾ, ಬೇಡ್ವಾ?

ಕಂದವಾರ_ಸ್ಟ್ರೈಕರ್ · ಶುಕ್ರವಾರ ರಾತ್ರಿ 8:42

ಎಲ್ಲರಿಗೂ ನಮಸ್ಕಾರ. ಪೂರ್ತಿ ಓದಿ, ಆಮೇಲೆ ಬೇಕಾದ್ರೆ ಬೈರಿ.

ಚಿಕ್ಕಬಳ್ಳಾಪುರದಲ್ಲಿ ನಾವು ಹುಡುಗರು ಸೇರಿ ನಡೆಸ್ತಿರೋ ಫುಟ್‌ಬಾಲ್ ಟೂರ್ನಮೆಂಟ್ ಗೊತ್ತಲ್ಲ, ಎಂಟು ಟೀಮು, ಮೂರು ಭಾನುವಾರ. ನಾಡಿದ್ದು ಬೆಳಿಗ್ಗೆ 7ಕ್ಕೆ ಫೈನಲ್. ನಮ್ಮ ಟೀಮು, ಎದುರಿಗೆ ಬಾಗೇಪಲ್ಲಿ ಹುಡುಗರು. 7ಕ್ಕೇ ಯಾಕೆ ಅಂದ್ರೆ ಗ್ರೌಂಡು ನಮಗೆ 10:30ರ ತನಕ ಮಾತ್ರ. ಆಮೇಲೆ ಟೆನಿಸ್ ಬಾಲ್ ಕ್ರಿಕೆಟ್‌ನವರು ಬುಕ್ ಮಾಡಿದ್ದಾರೆ.

ಇವತ್ತು ಬೆಳಿಗ್ಗೆ 6:15ಕ್ಕೆ ಪ್ರಾಕ್ಟೀಸಿಗೆ ಹೋದ್ವಿ. ಗೋಲ್‌ಪೋಸ್ಟ್ ಹತ್ರ ನಿಂತ್ರೆ ಹಾಫ್‌ಲೈನ್ ಇಲ್ಲ. ನಾನು ಒಂದು ಕಾರ್ನರ್ ಹೊಡೆದೆ. ಚೆಂಡು ಮಂಜೊಳಗೆ ಹೋಯ್ತು, ಸ್ವಲ್ಪ ಹೊತ್ತಾದ್ಮೇಲೆ 'ಡಬ್' ಅಂತ ಸದ್ದು, ಹಿಂದೇನೇ ಯಾರೋ ನಮ್ಮಪ್ಪನ್ನ ಬೈದಿದ್ದು ಕೇಳಿಸ್ತು. ಯಾರಿಗೆ ಬಿತ್ತು ಅಂತ ಈಗಲೂ ಗೊತ್ತಿಲ್ಲ. 7:40ರ ತನಕ ಇದೇ ಕಥೆ. 8:15ರ ಮೇಲೆ ಪರವಾಗಿಲ್ಲ.

ಕಮಿಟಿಯಲ್ಲಿ ಅರ್ಧ ಜನ ಆಡೇ ಬಿಡೋಣ ಅಂತಾರೆ, ಅರ್ಧ ಜನ ಮುಂದಿನ ವಾರ ಅಂತಾರೆ. ಶಾಮಿಯಾನ, ಮೈಕ್ ಸೆಟ್‌ಗೆ ಅಡ್ವಾನ್ಸ್ ಹೋಗಿದೆ. ಬೆಂಗಳೂರಿಂದ ಮೂರು ಜನ ರೆಫ್ರಿಗಳು ಬರ್ತಾರೆ. ಇನ್ನೂರು ಜನಕ್ಕೆ ಖಾರಾಬಾತ್, ಕೇಸರಿಬಾತ್ ಹೇಳಿದೀವಿ. ಮುಖ್ಯ ಅತಿಥಿಗಳು 9ಕ್ಕೆ ಎದ್ದು ಇನ್ನೊಂದು ಕಾರ್ಯಕ್ರಮಕ್ಕೆ ಹೋಗ್ಬೇಕಂತೆ.

ನಮ್ಮ ನಿಯಮದ ಕಾಗದದಲ್ಲಿ ಹವಾಮಾನದ ಬಗ್ಗೆ ಒಂದಕ್ಷರ ಇಲ್ಲ. ಒಂದು ಟೀಮು ಅರ್ಧ ಗಂಟೆ ತಡ ಮಾಡಿದ್ರೆ ಎದುರಿನವರಿಗೆ ವಾಕ್‌ಓವರ್ (ಆಡದೇನೇ ಗೆಲುವು) ಅಂತಿದೆ, 'ಆಯೋಜಕರ ತೀರ್ಮಾನವೇ ಅಂತಿಮ' ಅಂತಿದೆ. ಏನ್ಮಾಡೋದು ಹೇಳಿ.

ಬೌಂಡರಿ_ಬಾಬು · ಶುಕ್ರವಾರ ರಾತ್ರಿ 8:49

ಕ್ರಿಕೆಟ್ ಆಡಿ ಗುರು. 10:30ಕ್ಕೆ ಶುರು, ಬಿಸಿಲಲ್ಲಿ.

ಪಿಚ್_ಮಧ್ಯೆ · ಶುಕ್ರವಾರ ರಾತ್ರಿ 8:55

ಇದಕ್ಕೆಲ್ಲಾ ಚರ್ಚೆ ಬೇಕಾ? ಯುರೋಪಲ್ಲಿ ಹಿಮದ ಮೇಲೆ ಕಿತ್ತಳೆ ಬಣ್ಣದ ಚೆಂಡು ಹಾಕ್ಕೊಂಡು ಆಡ್ತಾರೆ. ನಮಗೆ ಹನ್ನೆರಡು ಡಿಗ್ರಿಗೇ ಮಂಕಿ ಕ್ಯಾಪು. ಮಂಜು ಎರಡೂ ಟೀಮಿಗೂ ಒಂದೇ ಅಲ್ವಾ? ಆಡ್ರಪ್ಪಾ.

ಸೀಟಿ_ಮೇಷ್ಟ್ರು · ಶುಕ್ರವಾರ ರಾತ್ರಿ 9:10

ಹದಿನೈದು ವರ್ಷ ಸೀಟಿ ಊದಿದೀನಿ, ಅದಕ್ಕೆ ಹೇಳ್ತೀನಿ. ಮಂಜಲ್ಲಿ ಆಡಬಹುದಾ ಅಂತ ನೋಡೋಕೆ ನಮ್ಮಲ್ಲಿ ಒಂದು ಸುಲಭದ ಲೆಕ್ಕ ಇದೆ. ಗ್ರೌಂಡಿನ ನಟ್ಟನಡುವೆ, ಸೆಂಟರ್ ಸ್ಪಾಟ್ ಮೇಲೆ ನಿಲ್ಬೇಕು. ಅಲ್ಲಿಂದ ಎರಡೂ ಗೋಲ್‌ಪೋಸ್ಟ್ ಕಾಣ್ಬೇಕು. ಕಾಣಲಿಲ್ಲ ಅಂದ್ರೆ ಕಾಯೋದು. ಕಾದ್ರೂ ಬಿಡಲಿಲ್ಲ ಅಂದ್ರೆ ಮನೆಗೆ ಹೋಗೋದು. ಮ್ಯಾಚ್ ಶುರುವಾದ್ಮೇಲೆ ನಿಲ್ಲಿಸೋ ಅಧಿಕಾರ ರೆಫ್ರಿದು, ಫುಟ್‌ಬಾಲ್ ಆಟದ ಐದನೇ ನಿಯಮದಲ್ಲೇ ಇದೆ. ಅಲ್ಲಿ ಆಯೋಜಕರ ಆಟ ನಡೆಯಲ್ಲ.

ಇನ್ನೊಂದು ವಿಷಯ. ಅರ್ಧಕ್ಕೆ ನಿಂತ ಮ್ಯಾಚನ್ನ ಮೊದಲಿಂದ ಆಡಿಸ್ಬೇಕು, ಟೂರ್ನಮೆಂಟ್ ನಿಯಮವೋ ಆಯೋಜಕರೋ ಬೇರೆ ಹೇಳಿದ್ರೆ ಮಾತ್ರ ಬೇರೆ. ಅದು ಏಳನೇ ನಿಯಮ. ನಿಮ್ಮ ಕಾಗದದಲ್ಲಿ ಏನೂ ಇಲ್ಲ ಅಂದ್ಮೇಲೆ, 60ನೇ ನಿಮಿಷದಲ್ಲಿ ನೀವು 3-0 ಮುಂದಿದ್ದು ಮಂಜು ಬಂದು ನಿಲ್ತು ಅಂತಿಟ್ಕೊಳ್ಳಿ, ಆ ಮೂರು ಗೋಲು ನೀರಿಗೆ ಹಾಕಿದ ಹಾಗೆ. ಅವತ್ತು ಅಲ್ಲಿ ಆಗೋ ಗಲಾಟೆಗೆ ನಿಮ್ಮ ಶಾಮಿಯಾನ ಉಳಿಯಲ್ಲ.

ಕಂದವಾರ_ಸ್ಟ್ರೈಕರ್ · ಶುಕ್ರವಾರ ರಾತ್ರಿ 9:14

ಮೇಷ್ಟ್ರೇ, 3-0 ಮುಂದೆ ಅಂದ್ರಲ್ಲ, ಬಾಯಿಗೆ ಸಕ್ಕರೆ ಹಾಕ್ತೀನಿ.

ಕೋಲಾರದ_ಹಳೇಹುಲಿ · ಶುಕ್ರವಾರ ರಾತ್ರಿ 9:31

ಮಂಜು ಅಂದ ತಕ್ಷಣ ಸ್ಯಾಮ್ ಬಾರ್ಟ್ರಮ್ ನೆನಪಾದ. ಚಾರ್ಲ್ಟನ್ ಟೀಮಿನ ಗೋಲ್‌ಕೀಪರ್. 1937ರ ಕ್ರಿಸ್‌ಮಸ್ ದಿನ ಲಂಡನ್ನಿನಲ್ಲಿ ಚೆಲ್ಸಿ ವಿರುದ್ಧ ಮ್ಯಾಚ್. ಮಂಜು ದಟ್ಟವಾಗಿ ರೆಫ್ರಿ ಆಟ ನಿಲ್ಲಿಸಿದ, ಎಲ್ಲರೂ ಒಳಗೆ ಹೋದ್ರು. ಇವನಿಗೆ ಗೊತ್ತೇ ಆಗ್ಲಿಲ್ಲ. ನಮ್ಮ ಹುಡುಗರು ಆ ಕಡೆ ಒತ್ತಿ ಆಡ್ತಿದಾರೆ, ಅದಕ್ಕೇ ಚೆಂಡು ಈ ಕಡೆ ಬರ್ತಿಲ್ಲ ಅಂದ್ಕೊಂಡು ಕಾಲು ಗಂಟೆ ಒಬ್ಬನೇ ಗೋಲ್ ಕಾಯ್ತಾ ನಿಂತಿದ್ದ. ಕೊನೆಗೆ ಪೊಲೀಸಪ್ಪ ಒಬ್ಬ ಬಂದು ಹೇಳಿದ್ಮೇಲೆ ಹೊರಟ.

ನಾವು ಕೆಜಿಎಫ್ ಕಡೆಯವರು, ಗಣಿ ಇದ್ದ ಕಾಲಕ್ಕೆ ಫುಟ್‌ಬಾಲು ನಮಗೆ ಊಟದ ಥರ. ನಮ್ಮ ಚಿಕ್ಕಪ್ಪ ರಾತ್ರಿ ಪಾಳಿ ಮುಗಿಸಿ, ಮುಖ ತೊಳ್ಕೊಂಡು ಸೀದಾ ಗ್ರೌಂಡಿಗೆ ಬರ್ತಿದ್ರು. ಡಿಸೆಂಬರಲ್ಲಿ ಸೈನೈಡ್ ದಿಬ್ಬಗಳ (ಚಿನ್ನ ತೆಗೆದು ಉಳಿದ ಗಣಿ ಮಣ್ಣಿನ ಗುಡ್ಡೆಗಳ) ಮೇಲೆ ಬೆಳ್ಳಗೆ ಮಬ್ಬು ಕೂತಿರೋದು, ಇಬ್ಬನಿಗೆ ಚರ್ಮದ ಚೆಂಡು ನೆಂದು ಕಲ್ಲಾಗೋದು. ತಲೆ ಕೊಟ್ಟವನಿಗೆ ಅವತ್ತು ಪೂರ್ತಿ ಕಿವಿ ಗುಯ್‌ಗುಟ್ಟೋದು. 2001ರಲ್ಲಿ ಗಣಿ ಮುಚ್ಚಿದ್ಮೇಲೆ ಅರ್ಧ ಟೀಮು ಬೆಂಗಳೂರು ರೈಲು ಹತ್ತಿತು. ಬಿಡಿ, ಆ ಕಥೆ ಬೇರೆ.

ಪಿಚ್_ಮಧ್ಯೆ · ಶುಕ್ರವಾರ ರಾತ್ರಿ 9:36

ನೋಡಿದ್ರಾ! ನೆಂದ ಚರ್ಮದ ಚೆಂಡಲ್ಲೇ ಆಡಿದಾರೆ. ನಾವು ಬರೀ ಮಂಜಿಗೆ ಅಳ್ತಿದೀವಿ.

ಕೋಲಾರದ_ಹಳೇಹುಲಿ · ಶುಕ್ರವಾರ ರಾತ್ರಿ 9:40

ತಮ್ಮಾ, ಚಿಕ್ಕಪ್ಪ ಗ್ರೌಂಡಿಗೆ ನಡ್ಕೊಂಡು ಬರ್ತಿದ್ರು. ಬಾಗೇಪಲ್ಲಿಯಿಂದ ಟಿಟಿಯಲ್ಲಿ (ಟೆಂಪೋ ಟ್ರಾವೆಲರಲ್ಲಿ) ಅಲ್ಲ.

ರಾಷ್ಟ್ರೀಯ_44 · ಶುಕ್ರವಾರ ರಾತ್ರಿ 10:02

ಹಳೇಹುಲಿ ಅಣ್ಣ ಸರಿಯಾದ ಜಾಗಕ್ಕೆ ಕೈ ಇಟ್ರು. ಇಷ್ಟು ಹೊತ್ತು ಎಲ್ಲರೂ ಗ್ರೌಂಡಲ್ಲೇ ಸುತ್ತಾಡ್ತಿದ್ರಿ. ನಾನು ಡ್ರೈವರ್. ಹೈದರಾಬಾದ್ ಹೈವೇಲಿ ಹನ್ನೊಂದು ವರ್ಷದಿಂದ ಓಡಾಡ್ತಿದೀನಿ.

ಬಾಗೇಪಲ್ಲಿ ಹುಡುಗರು 7ಕ್ಕೆ ಗ್ರೌಂಡಲ್ಲಿರ್ಬೇಕು ಅಂದ್ರೆ ಬಟ್ಟೆ ಬದಲಾಯ್ಸಿ ವಾರ್ಮ್‌ಅಪ್ ಮಾಡೋಕೆ 6ಕ್ಕೇ ಬರ್ಬೇಕು. ನಲವತ್ತು ಚಿಲ್ಲರೆ ಕಿಲೋಮೀಟರ್. ಐದಕ್ಕೆ ಮೊದಲೇ ಹೊರಡ್ಬೇಕು. ಮಂಜು ಅತಿ ಕೆಟ್ಟದಾಗಿರೋ ಹೊತ್ತೇ ಅದು. ವರ್ಲಕೊಂಡ ದಾಟಿ ಪೇರೇಸಂದ್ರ ಬರೋ ತನಕ ಕೆಲವು ದಿನ ಬಾನೆಟ್ ತುದಿ ಬಿಟ್ಟು ಬೇರೇನೂ ಕಾಣಲ್ಲ. ಎಡಗಡೆ ಬಿಳಿ ಪಟ್ಟೆ ಹಿಡ್ಕೊಂಡು ಹೋಗೋದು ಅಷ್ಟೇ. ಆ ಬಿಳಿ ಪಟ್ಟೆ ಮೇಲೇನೇ ಟೈಲ್ ಲೈಟ್ ಇಲ್ದೆ ಲಾರಿ ನಿಲ್ಲಿಸ್ಕೊಂಡು ಮಲಗಿರ್ತಾರೆ ಪುಣ್ಯಾತ್ಮರು.

2023ರ ಅಕ್ಟೋಬರ್ 26 ಮರೆತ್ರಾ? ಬೆಳಗಿನ ಹೊತ್ತು, ಚಿಕ್ಕಬಳ್ಳಾಪುರದ ಹೊರವಲಯ, ನಿಂತಿದ್ದ ಟ್ಯಾಂಕರಿಗೆ ಸುಮೋ ಹಿಂದಿನಿಂದ ಗುದ್ದಿ 13 ಜನ ಹೋದ್ರು. ಅವತ್ತೂ ಇದೇ ಮಂಜು. ಇನ್ನೂ ಚಳಿಗಾಲ ಶುರುವಾಗೇ ಇರ್ಲಿಲ್ಲ. ಅವತ್ತು ಮಧ್ಯಾಹ್ನ ನಾನು ಆ ಜಾಗ ದಾಟಿದೀನಿ. ರಸ್ತೆ ಮೇಲೆ ಗಾಜಿನ ಚೂರು ಗುಡಿಸಿ ಒಂದು ಪಕ್ಕಕ್ಕೆ ಗುಡ್ಡೆ ಹಾಕಿದ್ರು, ಅದರೊಳಗೆ ಒಂದು ಮಗುವಿನ ಚಪ್ಪಲಿ ಇತ್ತು.

ಶಿಡ್ಲಘಟ್ಟ_ರೇಷ್ಮೆಗೂಡು · ಶುಕ್ರವಾರ ರಾತ್ರಿ 10:10

🙏

ಗೌರಿಬಿದನೂರು_ಅಮ್ಮ · ಶುಕ್ರವಾರ ರಾತ್ರಿ 10:25

ನಾನು ಆಟಗಾರಳಲ್ಲಪ್ಪ, ಆಟಗಾರನ ತಾಯಿ. ನನ್ನ ಮಗ ಹತ್ತನೇ ಕ್ಲಾಸು. ಹೋದ ವರ್ಷ ಬೇರೆ ಊರಲ್ಲಿ ಒಂದು ಟೂರ್ನಮೆಂಟಿಗೆ ಕರ್ಕೊಂಡು ಹೋದ್ರು. ಯಾರು, ಎಲ್ಲಿ ಅಂತ ಹೇಳಲ್ಲ. ಬೆಳಗಿನ ಜಾವ ನಾಲ್ಕೂವರೆಗೆ ಮನೆ ಮುಂದೆ ಹಾರ್ನ್ ಹೊಡೆದ್ರು. ಹೊರಗೆ ಬಂದು ನೋಡ್ತೀನಿ, ತೆರೆದ ಗೂಡ್ಸ್ ಗಾಡಿ! ಹದಿನಾಲ್ಕು ಮಕ್ಕಳು ಹಿಂದೆ ನಿಂತ್ಕೊಂಡು ಸರಳು ಹಿಡ್ಕೊಂಡಿದಾರೆ. ಒಬ್ಬನ ಕಿವಿಗೆ ಟವೆಲ್ಲು, ಇನ್ನೊಬ್ಬನಿಗೆ ಅದೂ ಇಲ್ಲ. ನಾನು ಕಳಿಸಲ್ಲ ಅಂದೆ. 'ಅಮ್ಮ, ಲೇಟಾದ್ರೆ ವಾಕ್‌ಓವರ್ ಕೊಟ್ಬಿಡ್ತಾರೆ' ಅಂತ ಅತ್ತುಬಿಟ್ಟ. ಕಳಿಸಿದೆ. ಅವತ್ತು ಅವನು ವಾಪಸ್ ಬರೋ ತನಕ ನಾನು ಒಲೆ ಹಚ್ಚಲಿಲ್ಲ.

ನೀವು ಚೆಂಡು ಕಾಣುತ್ತಾ ಅಂತ ಕೇಳ್ತಿದೀರಿ. ಗಾಡಿ ಓಡಿಸೋನಿಗೆ ರಸ್ತೆ ಕಾಣುತ್ತಾ ಅಂತ ಕೇಳಿ ಮೊದಲು.

ಕಂದವಾರ_ಸ್ಟ್ರೈಕರ್ · ಶುಕ್ರವಾರ ರಾತ್ರಿ 10:33

ಅಮ್ಮಾ, ನಿಮ್ಮ ಮಾತು ಒಪ್ಕೊಂಡೆ. ನಿಜ ಹೇಳ್ಬೇಕಂದ್ರೆ ನಾನು ರಸ್ತೆ ಬಗ್ಗೆ ಯೋಚನೇನೇ ಮಾಡಿರ್ಲಿಲ್ಲ. ನಮ್ಮ ಮನೆಯಿಂದ ಗ್ರೌಂಡು ಐದು ನಿಮಿಷ.

ಹವಾಮಾನ_ಹುಚ್ಚ · ಶುಕ್ರವಾರ ರಾತ್ರಿ 11:05

ಮೇಷ್ಟ್ರ ಸೆಂಟರ್ ಸ್ಪಾಟ್ ಲೆಕ್ಕಕ್ಕೂ ಡ್ರೈವರ್ ಅಣ್ಣನ ಮಾತಿಗೂ ಒಂದು ಕೊಂಡಿ ಇದೆ, ಹಾಕ್ತೀನಿ ನೋಡಿ.

ಗ್ರೌಂಡು ಸುಮಾರು 100 ಮೀಟರ್ ಉದ್ದ ಅಂದ್ಕೊಳ್ಳಿ. ನಡುವಿನಿಂದ ಗೋಲಿಗೆ 50 ಮೀಟರ್. ಅಷ್ಟು ಕಂಡ್ರೆ ಮೇಷ್ಟ್ರು ಸೀಟಿ ಊದ್ತಾರೆ. ಹವಾಮಾನ ಇಲಾಖೆಯವರು 200 ಮೀಟರಿಗಿಂತ ಕಡಿಮೆ ಕಂಡ್ರೆ ದಟ್ಟ ಮಂಜು ಅಂತಾರೆ, 50ಕ್ಕಿಂತ ಕಡಿಮೆ ಆದ್ರೆ ಅತಿ ದಟ್ಟ. ಅಂದ್ರೆ ಆಟಕ್ಕೆ 'ಪಾಸ್' ಆಗೋ ಮಂಜು ಇಲಾಖೆ ಲೆಕ್ಕದಲ್ಲಿ ಅತಿ ದಟ್ಟದ ಹೊಸ್ತಿಲಲ್ಲಿರುತ್ತೆ.

ಈಗ ಅದೇ 50 ಮೀಟರನ್ನ ರಸ್ತೆಗೆ ತನ್ನಿ. 80ರಲ್ಲಿ ಹೋಗೋ ಗಾಡಿ ಸೆಕೆಂಡಿಗೆ 22 ಮೀಟರ್ ಓಡುತ್ತೆ. ಮುಂದೆ ಲಾರಿ ಕಂಡು ಕಾಲು ಬ್ರೇಕಿಗೆ ಹೋಗೋದ್ರಲ್ಲಿ ಒಂದು ಸೆಕೆಂಡ್, 22 ಮೀಟರ್ ಖಾಲಿ. ಒಣ ರಸ್ತೆ, ಒಳ್ಳೇ ಟೈರು ಇದ್ರೂ ನಿಲ್ಲೋಕೆ ಇನ್ನೊಂದು 35. ಒಟ್ಟು 57. ಇಬ್ಬನಿಗೆ ರಸ್ತೆ ಒದ್ದೆ ಇದ್ರೆ, ಟಿಟಿ ತುಂಬ ಜನ ಇದ್ರೆ ಇನ್ನೂ ಜಾಸ್ತಿ. ಕಾಣೋದು 50, ನಿಲ್ಲೋದು 57ರಲ್ಲಿ. ಗ್ರೌಂಡಲ್ಲಿ ಪಾಸಾದ ಮಂಜು ರಸ್ತೇಲಿ ಫೇಲ್.

ರಾಷ್ಟ್ರೀಯ_44 · ಶುಕ್ರವಾರ ರಾತ್ರಿ 11:12

ಈ ಲೆಕ್ಕ ನಮ್ಮ ಕಾಲಿಗೆ ಗೊತ್ತು, ಬಾಯಿಗೆ ಬರ್ತಿರ್ಲಿಲ್ಲ. ಹುಡುಗರ ಟಿಟಿ ಡ್ರೈವರಿಗೆ ಇಷ್ಟು ಹೇಳ್ಬಿಡಿ: ಮಂಜಲ್ಲಿ ಅಪ್ಪರ್ ಹಾಕ್ಬೇಡ, ಬೆಳಕೆಲ್ಲ ವಾಪಸ್ ಕಣ್ಣಿಗೇ ಹೊಡೆಯುತ್ತೆ, ಡಿಪ್ಪಲ್ಲೇ ಹೋಗು. ಓಡ್ತಿರುವಾಗ ನಾಲ್ಕೂ ಇಂಡಿಕೇಟರ್ ಹಾಕ್ಬೇಡ, ಹಿಂದಿನೋನು ನಿಂತಿದೀಯ ಅಂದ್ಕೊಂಡು ಗಲಿಬಿಲಿ ಆಗ್ತಾನೆ. ಪಕ್ಕದ ಗಾಜು ಎರಡು ಬೆರಳು ಇಳಿಸ್ಕೋ, ಲಾರಿ ಸದ್ದು ಕಿವಿಗಾದ್ರೂ ಬೀಳುತ್ತೆ. ಟೀ ಕುಡಿಯೋಕೆ ನಿಲ್ಲಿಸಿದ್ರೆ ರಸ್ತೆ ಬಿಟ್ಟು ಪೂರ್ತಿ ಒಳಗೆ.

ದ್ರಾಕ್ಷಿತೋಟ · ಶನಿವಾರ ಬೆಳಿಗ್ಗೆ 6:20

ಈಗ ತೋಟದಲ್ಲಿದೀನಿ. ಎರಡನೇ ಸಾಲಿನ ಕಂಬ ಕಾಣ್ತಿಲ್ಲ. ನಿಮಗೆ ಮ್ಯಾಚಿನ ಚಿಂತೆ, ನನಗೆ ಬೂಜು ತುಪ್ಪಟ ರೋಗದ ಚಿಂತೆ. ಎಲೆ ಹಿಂದೆ ಬಿಳೀ ಹತ್ತಿ ಥರ ಬಂದ್ರೆ ಮುಗೀತು, ಔಷಧಿಗೆ ಸಾಲ.

ನನ್ನ ಕೇಳಿದ್ರೆ ಕೆರೆಗಳಿಗೆ ಬೆಂಗಳೂರು ನೀರು ಬಿಟ್ಟ ಮೇಲೇನೇ ಈ ಮಂಜು ಜಾಸ್ತಿ ಆಗಿದ್ದು.

ಹವಾಮಾನ_ಹುಚ್ಚ · ಶನಿವಾರ ಬೆಳಿಗ್ಗೆ 6:48

ಅಣ್ಣ, ಎಚ್ಎನ್ ವ್ಯಾಲಿ (ಬೆಂಗಳೂರಿನ ಕೊಳಚೆ ನೀರು ಶುದ್ಧ ಮಾಡಿ ನಮ್ಮ ಕೆರೆಗಳಿಗೆ ಬಿಡೋ ಯೋಜನೆ) ನೀರಿನ ಮೇಲೆ ಎಲ್ಲಾ ತಪ್ಪು ಹೊರಿಸೋದು ಬೇಡ. ಆಕಾಶ ತಿಳಿಯಾಗಿ, ಗಾಳಿ ನಿಂತು, ನೆಲ ತಂಪಾದ ರಾತ್ರಿ ನೆಲಕ್ಕೆ ಅಂಟಿದ ಗಾಳಿಯ ಪಸೆ ಹನಿಯಾಗುತ್ತೆ. ಅದೇ ಮಂಜು. ಕೆರೆ ತುಂಬಿದ್ರೆ, ಹಿಂಗಾರು ಚೆನ್ನಾಗಿ ಆಗಿ ನೆಲ ನೆಂದಿದ್ರೆ ಪಸೆ ಜಾಸ್ತಿ, ಅದು ಒಪ್ತೀನಿ. ಆದ್ರೆ ನಮ್ಮೂರಿನ ಸುತ್ತ ಬೆಟ್ಟ ಇದೆ ಅನ್ನೋದೂ ನೆನಪಿರ್ಲಿ. ರಾತ್ರಿ ತಂಪು ಗಾಳಿ ಇಳಿಜಾರಲ್ಲಿ ಜಾರ್ಕೊಂಡು ಬಂದು ತಗ್ಗಲ್ಲಿ ಕೂರುತ್ತೆ. ಕೆರೆ ಬತ್ತಿದ್ದ ಕಾಲದಲ್ಲೂ ಮಂಜಿತ್ತು.

ದ್ರಾಕ್ಷಿತೋಟ · ಶನಿವಾರ ಬೆಳಿಗ್ಗೆ 6:55

ಬೆಂಗಳೂರವರ ಕೊಳಚೆ ನೀರಿಗೆ ವಕೀಲಿಕೆ ಮಾಡೋಕೆ ಬೆಳಿಗ್ಗೆ ಬೆಳಿಗ್ಗೆ ಎದ್ದಿದೀಯಲ್ಲಪ್ಪ.

ನಂದಿತಪ್ಪಲು · ಶನಿವಾರ ಬೆಳಿಗ್ಗೆ 7:05

ಇನ್ನೊಂದು ತಮಾಷೆ. ಭಾನುವಾರ ಬೆಳಗಿನ ಜಾವ ಇದೇ ಮಂಜು ನೋಡೋಕೆ ಬೆಂಗಳೂರಿಂದ ನಂದಿ ಬೆಟ್ಟಕ್ಕೆ ಸಾವಿರಾರು ಗಾಡಿ ಬರ್ತವೆ. ಮೇಲೆ ನಿಂತು ಹಾಲಿನ ಕಡಲು ಅಂತ ಫೋಟೋ ಹಾಕ್ತಾರೆ. ಆ ಕಡಲಿನ ತಳದಲ್ಲಿ ನಾವು ಹಾಲಿನ ಕ್ಯಾನು ಕಟ್ಕೊಂಡು ಡೈರಿ ಎಲ್ಲಿದೆ ಅಂತ ಹುಡುಕ್ತಿರ್ತೀವಿ. ನಿಮ್ಮ ರೆಫ್ರಿಗಳು ಬೆಂಗಳೂರಿಂದ ಬರೋದೂ ಅದೇ ಸಾಲಿನಲ್ಲಿ, ಮರೀಬೇಡಿ.

ಸೊಗಡವರೆ · ಶನಿವಾರ ಬೆಳಿಗ್ಗೆ 7:20

ಯಾರೂ ಮಂಜನ್ನ ಬೈಬೇಡ್ರಪ್ಪ. ಇಬ್ಬನಿ ಬೀಳ್ದಿದ್ರೆ ಅವರೆಕಾಯಿಗೆ ಸೊಗಡು ಎಲ್ಲಿಂದ ಬರುತ್ತೆ? ಕಾಯಿ ಮುಟ್ಟಿದ್ರೆ ಬೆರಳಿಗೆ ಎಣ್ಣೆ ಅಂಟ್ಬೇಕು. ನಿನ್ನೆ ರಾತ್ರಿ ಮನೇಲಿ ಎಲ್ಲರೂ ಟೀವಿ ಮುಂದೆ ಕೂತು ಎರಡು ಸೇರು ಹಿತಕಿದ್ವಿ. ಇವತ್ತು ಹಿತಕಿದ ಬೇಳೆ ಸಾರು, ರಾಗಿಮುದ್ದೆ. ಮ್ಯಾಚು ಯಾವಾಗ ಬೇಕಾದ್ರೂ ಆಡ್ಬಹುದು.

ಪಿಚ್_ಮಧ್ಯೆ · ಶನಿವಾರ ಬೆಳಿಗ್ಗೆ 7:24

ಫುಟ್‌ಬಾಲಿಂದ ಸಾರಿಗೆ ಬಂದ್ವಿ. ಸಂತೋಷ.

ಬಾಗೇಪಲ್ಲಿ_ಡಿಫೆಂಡರ್ · ಶನಿವಾರ ಬೆಳಿಗ್ಗೆ 9:15

ಕೊನೆಗೂ ನಮ್ಮ ಕಡೆಯಿಂದ ಒಂದು ಮಾತು. ನಾವೇ ಆ ಟಿಟಿಯಲ್ಲಿ ಬರೋರು.

ಬೆಳಿಗ್ಗೆಯಿಂದ ನಮ್ಮ ಗ್ರೂಪಲ್ಲಿ ಓಡ್ತಿರೋ ಮಾತು ನೇರವಾಗಿ ಹೇಳ್ತೀನಿ, ಬೇಜಾರ್ ಮಾಡ್ಕೋಬೇಡಿ. 'ಅವರಿಗೆ ಗ್ರೌಂಡು ಐದು ನಿಮಿಷ, ನಮಗೆ ಒಂದು ಗಂಟೆ. ಮಂಜಲ್ಲಿ ತಡ ಆಗ್ಲಿ, ವಾಕ್‌ಓವರಲ್ಲಿ ಕಪ್ ಎತ್ತೋಣ ಅಂತ ಪ್ಲ್ಯಾನು' ಅಂತಿದಾರೆ. ನಾನು ಹಾಗೆ ಅನ್ನಲ್ಲ. ಆದ್ರೆ ನಿಮ್ಮ ನಿಯಮ ಓದಿದವರಿಗೆ ಹಾಗೇ ಅನ್ಸುತ್ತೆ. ಅರ್ಧ ಗಂಟೆ ಅನ್ನೋ ಕತ್ತಿ ತಲೆ ಮೇಲೆ ತೂಗ್ತಿದ್ರೆ ನಮ್ಮ ಹುಡುಗರೇ ಡ್ರೈವರಿಗೆ 'ಒತ್ತು ಅಣ್ಣಾ, ಒತ್ತು' ಅಂತಾರೆ. ಸೆಮಿಫೈನಲ್ ದಿನ ಅಂದಿದಾರೆ, ನಾನೂ ಅಂದಿದೀನಿ.

ಕಂದವಾರ_ಸ್ಟ್ರೈಕರ್ · ಶನಿವಾರ ಬೆಳಿಗ್ಗೆ 9:30

ಅಣ್ಣಾ, ದೇವರಾಣೆ ಆ ಪ್ಲ್ಯಾನ್ ಇಲ್ಲ. ಆ ನಿಯಮ ಇನ್ನೊಂದು ಟೂರ್ನಮೆಂಟಿನ ಕಾಗದದಿಂದ ಹಾಗೇ ಇಳಿಸ್ಕೊಂಡಿದ್ದು. ಅವರದ್ದು ಮಧ್ಯಾಹ್ನ 3ಕ್ಕೆ ಆಡೋ ಟೂರ್ನಮೆಂಟು.

ಸೀಟಿ_ಮೇಷ್ಟ್ರು · ಶನಿವಾರ ಬೆಳಿಗ್ಗೆ 9:41

ವಾಕ್‌ಓವರ್ ನಿಯಮ ಇರೋದು ಸೋಮಾರಿಗಳಿಗೆ, ಮಂಜಲ್ಲಿ ಸಿಕ್ಕಿಹಾಕ್ಕೊಂಡವರಿಗಲ್ಲ. ಹೊರಟ ಟೀಮು ಫೋನ್ ಮಾಡಿ ಇಲ್ಲಿದೀವಿ ಅಂದ್ರೆ ಕಾಯ್ಬೇಕು. ಇದನ್ನ ಬರೆದು ಎರಡೂ ಕ್ಯಾಪ್ಟನ್ ಸಹಿ ಹಾಕಿಸ್ಕೊಳ್ಳಿ. ಮತ್ತೆ ತೀರ್ಮಾನ ಇವತ್ತು ರಾತ್ರಿಯೊಳಗೆ ಆಗ್ಬೇಕು. ಬೆಳಿಗ್ಗೆ 6ಕ್ಕೆ ಎದ್ದು ಕಿಟಕಿ ತೆಗೆದು ನೋಡಿ ಕ್ಯಾನ್ಸಲ್ ಅಂದ್ರೆ ಅಷ್ಟೊತ್ತಿಗೆ ಅವರು ಹೈವೇಲಿ ಇರ್ತಾರೆ.

ಪಿಚ್_ಮಧ್ಯೆ · ಶನಿವಾರ ಬೆಳಿಗ್ಗೆ 9:58

ಸರಿ, ರಸ್ತೆ ವಿಷಯ ಒಪ್ಪಿದೆ. ಆದ್ರೆ ಮುಂದಿನ ವಾರಕ್ಕೆ ಹಾಕಿದ್ರೆ ಮುಂದಿನ ವಾರವೂ ಮಂಜಿರುತ್ತೆ. ಆಮೇಲೆ ಸಂಕ್ರಾಂತಿ, ಆಮೇಲೆ ಹುಡುಗರ ಪರೀಕ್ಷೆ. ಹೀಗೆ ಮುಂದಕ್ಕೆ ಹಾಕ್ತಾ ಹೋದ್ರೆ ಯುಗಾದಿಗೆ ಫೈನಲ್ಲು.

ಕೋಲಾರದ_ಹಳೇಹುಲಿ · ಶನಿವಾರ ಬೆಳಿಗ್ಗೆ 10:20

ಇದಕ್ಕೂ ಕಥೆ ಇದೆ. 1962-63ರ ಚಳಿಗಾಲದಲ್ಲಿ ಇಂಗ್ಲೆಂಡ್ ಪೂರ್ತಿ ಹೆಪ್ಪುಗಟ್ಟಿತ್ತು. ಎಫ್‌ಎ ಕಪ್ಪಿನ ಮೂರನೇ ಸುತ್ತು ಜನವರಿ 5ಕ್ಕೆ ಶುರುವಾಗಿ ಮಾರ್ಚ್ 11ಕ್ಕೆ ಮುಗೀತು. ಒಂದೇ ಸುತ್ತು, 66 ದಿನ! ಗ್ರೌಂಡು ಕಲ್ಲಿನ ಥರ ಆಗಿ ಮ್ಯಾಚುಗಳೆಲ್ಲ ಮುಂದಕ್ಕೆ ಹೋದ್ವು. ಫಲಿತಾಂಶದ ಮೇಲೆ ದುಡ್ಡು ಕಟ್ಟೋ 'ಪೂಲ್ಸ್' ವ್ಯಾಪಾರ ನಿಂತ್ಹೋಯ್ತು. ಅವರೇನು ಮಾಡಿದ್ರು ಗೊತ್ತಾ? ಹಳೇ ಆಟಗಾರರನ್ನ, ಒಬ್ಬ ರೆಫ್ರಿನ ಒಂದು ಕೋಣೇಲಿ ಕೂರಿಸಿ, ಈ ಮ್ಯಾಚ್ ಆಡಿದ್ದಿದ್ರೆ ಯಾರು ಗೆಲ್ತಿದ್ರು ಅಂತ ತೀರ್ಮಾನ ಮಾಡಿಸಿದ್ರು. ಆಡದೇನೇ ರಿಸಲ್ಟು.

ಬೌಂಡರಿ_ಬಾಬು · ಶನಿವಾರ ಬೆಳಿಗ್ಗೆ 10:24

ಇದು ಸೂಪರ್. ಬಿ.ಬಿ. ರಸ್ತೆ ಟೀ ಅಂಗಡೀಲಿ ನಾಲ್ಕು ಜನ ಹಿರಿಯರನ್ನ ಕೂರಿಸಿ ಫೈನಲ್ ಮುಗಿಸಿ. ಖಾರಾಬಾತೂ ಅಲ್ಲೇ.

ಬಾಗೇಪಲ್ಲಿ_ಡಿಫೆಂಡರ್ · ಶನಿವಾರ ಬೆಳಿಗ್ಗೆ 10:27

ಟೀ ಅಂಗಡಿ ಬಾಗೇಪಲ್ಲಿದಾದ್ರೆ ನಮ್ಮ ಒಪ್ಪಿಗೆ ಇದೆ.

ಶಿಡ್ಲಘಟ್ಟ_ರೇಷ್ಮೆಗೂಡು · ಶನಿವಾರ ಬೆಳಿಗ್ಗೆ 10:50

ನಗು ಪಕ್ಕಕ್ಕಿಡಿ. 2024ರ ಡಿಸೆಂಬರ್ ಶುರುವಲ್ಲಿ ಫೆಂಗಲ್ ಚಂಡಮಾರುತ ಬಂದಾಗ ನಮ್ಮಲ್ಲಿ ಒಂದು ಮ್ಯಾಚಿತ್ತು. ಜಿಟಿಜಿಟಿ ಮಳೆ, ಚಳಿ. ಕುಯ್ದ ರಾಗಿ ಹೊಲದಲ್ಲೇ ನೆನೀತಿತ್ತು, ನಾನು ಮಾತ್ರ ಗ್ರೌಂಡಲ್ಲಿ. ಸೆಕೆಂಡ್ ಹಾಫಲ್ಲಿ ಕೈಬೆರಳು ಮರಗಟ್ಟಿ ಶೂ ಲೇಸ್ ಕಟ್ಟೋಕೆ ಬರ್ಲಿಲ್ಲ, ಪಕ್ಕದೋನು ಕಟ್ಟಿದ. ಕೆಮ್ಮಣ್ಣು ಮೇಲೆ ಬೆಣ್ಣೆ, ಒಳಗೆ ಕಲ್ಲು. ನಮ್ಮ ವಿಂಗರ್ ಜಾರಿ ಮೊಣಕಾಲು ತಿರುಚ್ಕೊಂಡ. ಇವತ್ತಿಗೂ ಅವನು ಚೆಂಡು ಮುಟ್ಟಿಲ್ಲ. ಮನೆಗೆ ಬಂದ್ರೆ ರಾಗಿ ಮೊಳಕೆ ಒಡೆದಿದೆ ಅಂತ ಅಪ್ಪನ ಬೈಗುಳ ಬೇರೆ. ಆವತ್ತು ಆಡಿ ಸಿಕ್ಕಿದ್ದು 1-1 ಡ್ರಾ.

ದಿಲ್ಲಿ_ಕನ್ನಡಿಗ · ಶನಿವಾರ ಬೆಳಿಗ್ಗೆ 11:15

ಇಲ್ಲಿ ಕೂತು ಓದ್ತಿದ್ರೆ ಹೊಟ್ಟೆ ಉರಿಯುತ್ತೆ. ನಿಮ್ಮದು ಎಂಟು ಗಂಟೆಗೆ ಕರಗೋ ಮಂಜು. ನಮ್ಮದು ಹೊಗೆ ಬೆರೆತ ಮಂಜು, ಮಧ್ಯಾಹ್ನವೂ ಬಿಡಲ್ಲ. 2017ರ ಡಿಸೆಂಬರಲ್ಲಿ ಕೋಟ್ಲಾ ಟೆಸ್ಟಲ್ಲಿ ಶ್ರೀಲಂಕಾದವರು ಮಾಸ್ಕ್ ಹಾಕ್ಕೊಂಡು ಫೀಲ್ಡಿಂಗ್ ಮಾಡಿದ್ದು ನೆನಪಿದೆಯಾ? ಆಗ ನಕ್ಕೋರೆಲ್ಲ ಮೂರೇ ವರ್ಷಕ್ಕೆ ಮಾಸ್ಕ್ ಹಾಕ್ಕೊಂಡ್ರು, ಅದು ಬೇರೆ ಕಾರಣಕ್ಕೆ.

ಕಂದವಾರ_ಸ್ಟ್ರೈಕರ್ · ಶನಿವಾರ ಮಧ್ಯಾಹ್ನ 1:05

ಬೌಂಡರಿ_ಬಾಬು, 10:30ರ ಗ್ರೌಂಡು ನಿಮ್ಮದೇ ಅಲ್ವಾ? ಒಂದು ಮಾತು ಕೇಳ್ಲಾ?

ಬೌಂಡರಿ_ಬಾಬು · ಶನಿವಾರ ಮಧ್ಯಾಹ್ನ 1:20

ನನಗೆ ಗೊತ್ತಿತ್ತು ಇದು ನನ್ನ ತಲೆಗೇ ಬರುತ್ತೆ ಅಂತ. ನಮ್ಮೋರನ್ನ ಕೇಳ್ತೀನಿ. 12:30ಕ್ಕೆ ಶುರು ಮಾಡಿದ್ರೆ ಒಂದು ಮ್ಯಾಚು ಕಡಿಮೆ ಆಗುತ್ತೆ. ಪಿಚ್ ಜಾಗದಲ್ಲಿ ನೀವು ಸ್ಟಡ್ ಹಾಕ್ಕೊಂಡು ಕುಣಿದ್ರೆ ಮಾತ್ರ ಸುಮ್ನಿರಲ್ಲ. ಮೇಲೆ ಮ್ಯಾಟ್ ಹಾಸೋ ಮೊದಲು ನಿಮ್ಮ ಹುಡುಗರೇ ಗುಡಿಸಿ, ನೀರು ಚಿಮುಕಿಸಿ, ರೋಲರ್ ಎಳೀಬೇಕು. ಮತ್ತೆ ನಮಗೂ ಖಾರಾಬಾತು.

ಕಂದವಾರ_ಸ್ಟ್ರೈಕರ್ · ಶನಿವಾರ ಮಧ್ಯಾಹ್ನ 1:22

ಕೇಸರಿಬಾತೂ ಕೊಡ್ತೀನಿ.

ಕಂದವಾರ_ಸ್ಟ್ರೈಕರ್ · ಶನಿವಾರ ರಾತ್ರಿ 8:10

ತೀರ್ಮಾನ ಆಯ್ತು. ಫೈನಲ್ ನಾಳೇನೇ, ಆದ್ರೆ ಬೆಳಿಗ್ಗೆ 10ಕ್ಕೆ. ಬಾಗೇಪಲ್ಲಿಯವರು 7:30ಕ್ಕೆ ಮೊದಲು ಹೊರಡೋ ಹಾಗಿಲ್ಲ, ಇದು ನಮ್ಮ ಷರತ್ತು. ವಾಕ್‌ಓವರ್ ಸಾಲು ಪೆನ್ನಲ್ಲಿ ಹೊಡೆದು ಇಬ್ಬರು ಕ್ಯಾಪ್ಟನ್ನೂ ಸಹಿ ಮಾಡಿದ ಫೋಟೋ ಗ್ರೂಪಿಗೆ ಹಾಕಿದೀವಿ. ರೆಫ್ರಿಗಳು ಒಪ್ಪಿದ್ರು. ಹಳದಿ ಚೆಂಡು ಒಂದು ಸಾಲ ತಂದಿದೀವಿ. ನಮ್ಮ ಬಿಳೀ ಜರ್ಸಿ ಬಿಟ್ಟು ಕೆಂಪು ಹಾಕ್ತೀವಿ.

ಮುಖ್ಯ ಅತಿಥಿಗಳ ಸಮಸ್ಯೆ ಮಾತ್ರ ಬಗೆಹರೀಲಿಲ್ಲ. ಅವರು 8:30ಕ್ಕೇ ಬರ್ತಾರಂತೆ, 9ಕ್ಕೇ ಹೋಗ್ತಾರಂತೆ. ಹಾಗಾಗಿ ಬಹುಮಾನ ವಿತರಣೆ ಮೊದಲು, ಮ್ಯಾಚ್ ಆಮೇಲೆ.

ಪಿಚ್_ಮಧ್ಯೆ · ಶನಿವಾರ ರಾತ್ರಿ 8:13

ಕಪ್ ಯಾರಿಗೆ ಕೊಡ್ತಾರೆ???

ಕಂದವಾರ_ಸ್ಟ್ರೈಕರ್ · ಶನಿವಾರ ರಾತ್ರಿ 8:15

ಇಬ್ಬರು ಕ್ಯಾಪ್ಟನ್ನೂ ಒಂದೊಂದು ಕಿವಿ ಹಿಡ್ಕೊಂಡು ಫೋಟೋ. ಕಪ್ಪಿಂದು.

ರಾಷ್ಟ್ರೀಯ_44 · ಭಾನುವಾರ ಬೆಳಿಗ್ಗೆ 6:50

ಪೇರೇಸಂದ್ರದ ಹತ್ರ ಇದೀನಿ. ಗಾಡಿ ಪಕ್ಕಕ್ಕೆ ಹಾಕಿ ಟೀ ಕುಡೀತಿದೀನಿ. ಏನೂ ಕಾಣ್ತಿಲ್ಲ.

ಪಿಚ್_ಮಧ್ಯೆ · ಭಾನುವಾರ ಬೆಳಿಗ್ಗೆ 7:02

ಗ್ರೌಂಡಿಗೆ ಬಂದಿದೀನಿ. ಮಂಜು ಎಲ್ರಪ್ಪಾ? ಒಂದು ಎಳೆ ಇಲ್ಲ. ನಂದಿ ಬೆಟ್ಟ ಕೈಗೆ ಸಿಗೋ ಹಾಗೆ ಕಾಣ್ತಿದೆ. ಈ ಹೊತ್ತಿಗೆ ಕಿಕ್ಆಫ್ ಆಗ್ಬೇಕಿತ್ತು. ಎರಡು ದಿನ ಚರ್ಚೆ ಮಾಡಿ ನೀಲಿ ಆಕಾಶಕ್ಕೆ ಹೆದರಿದ್ವಿ.

ಹವಾಮಾನ_ಹುಚ್ಚ · ಭಾನುವಾರ ಬೆಳಿಗ್ಗೆ 7:15

ರಾತ್ರಿ 2ರ ಹೊತ್ತಿಗೆ ಮೋಡ ಬಂತು, ನಾನು ಎದ್ದು ನೋಡಿದೆ. ಮೋಡ ಕಂಬಳಿ ಹೊದ್ದಿಸಿದ ಹಾಗೆ, ನೆಲದ ಬಿಸಿ ಮೇಲೆ ಹೋಗೋಕೆ ಬಿಡಲ್ಲ, ಮಂಜು ಕಟ್ಟಲ್ಲ. ಅದು ಊರಿನ ಮೇಲೆ ಮಾತ್ರ ಬಂತು ಅನ್ಸುತ್ತೆ. ಡ್ರೈವರ್ ಅಣ್ಣನ ಮೆಸೇಜು ನೋಡು, ನಿನಗಿಂತ ಹನ್ನೆರಡು ನಿಮಿಷ ಮುಂಚೆ ಬಂದಿದೆ.

ಪಿಚ್_ಮಧ್ಯೆ · ಭಾನುವಾರ ಬೆಳಿಗ್ಗೆ 7:18

ನೋಡಿದೆ. ಸುಮ್ನಾದೆ.

ನಂದಿತಪ್ಪಲು · ಭಾನುವಾರ ಬೆಳಿಗ್ಗೆ 9:05

ಮುಖ್ಯ ಅತಿಥಿಗಳ ಭಾಷಣ ಕೇಳ್ದೆ. 'ಇಂದು ಗೆದ್ದವರಿಗೂ ಸೋತವರಿಗೂ ಅಭಿನಂದನೆ' ಅಂದ್ರು. ಯಾರೂ ಇನ್ನೂ ಗೆದ್ದಿರ್ಲಿಲ್ಲ, ಸೋತಿರ್ಲಿಲ್ಲ, ಒಂದು ಟೀಮು ಬಂದೇ ಇರ್ಲಿಲ್ಲ. ಕಪ್ಪಿನ ಎರಡನೇ ಕಿವಿ ಮೈಕ್ ಸೆಟ್‌ನವನು ಹಿಡ್ಕೊಂಡಿದ್ದ.

ಬಾಗೇಪಲ್ಲಿ_ಡಿಫೆಂಡರ್ · ಭಾನುವಾರ ಮಧ್ಯಾಹ್ನ 12:40

2-1! ನಾವು ಗೆದ್ವಿ!! ಏಳೂವರೆಗೆ ಹೊರಟ್ವಿ, ವರ್ಲಕೊಂಡದ ಹತ್ರ ಇನ್ನೂ ಮಬ್ಬಿತ್ತು, ನಿಧಾನಕ್ಕೆ ಬಂದು 9:05ಕ್ಕೆ ಇಳಿದ್ವಿ. ಯಾರೂ 'ಒತ್ತು' ಅನ್ಲಿಲ್ಲ, ಅರ್ಧ ಜನ ನಿದ್ದೆ ಮಾಡ್ತಿದ್ರು.

ಗೌರಿಬಿದನೂರು_ಅಮ್ಮ · ಭಾನುವಾರ ಮಧ್ಯಾಹ್ನ 12:52

ಒಳ್ಳೇದಾಯ್ತಪ್ಪ. ವಾಪಸ್ ಹೋಗುವಾಗ ಬೆಳಕಿರುವಾಗಲೇ ಹೊರಡಿ.

ಬೌಂಡರಿ_ಬಾಬು · ಭಾನುವಾರ ಮಧ್ಯಾಹ್ನ 12:58

ಪಿಚ್ ಯಾರು ಗುಡಿಸ್ತಾರೆ? ರೋಲರ್ ಇಲ್ಲೇ ಇದೆ, ಮನುಷ್ಯರು ಒಬ್ಬರೂ ಇಲ್ಲ. ಕೇಸರಿಬಾತೂ ಇಲ್ಲ.

ಕಂದವಾರ_ಸ್ಟ್ರೈಕರ್ · ಭಾನುವಾರ ಮಧ್ಯಾಹ್ನ 1:10

ಬರ್ತಿದೀವಿ ಗುರು, ಐದು ನಿಮಿಷ. ಆದ್ರೆ ಇಲ್ಲಿ ಒಂದು ವಿಷಯ ಬರೆದೇ ಹೋಗ್ತೀನಿ. ಅವರ ಎರಡನೇ ಗೋಲು ಶುದ್ಧ ಆಫ್‌ಸೈಡ್. ಎರಡು ಗಜ ಮುಂದಿದ್ದ. ಲೈನ್ಸ್‌ಮನ್ ಇದ್ದಿದ್ದು ಹತ್ತೇ ಹೆಜ್ಜೆ ದೂರದಲ್ಲಿ, ಒಳ್ಳೇ ಬಿಸಿಲು. ಮಂಜು ಇದ್ದಿದ್ರೆ ಅದರ ಮೇಲಾದ್ರೂ ಹಾಕ್ಬಹುದಿತ್ತು.

ಸೀಟಿ_ಮೇಷ್ಟ್ರು · ಭಾನುವಾರ ಮಧ್ಯಾಹ್ನ 1:15

ಆಫ್‌ಸೈಡ್ ಅಲ್ಲ. ನಿಮ್ಮ ಎಡ ಡಿಫೆಂಡರ್ ಕಾರ್ನರ್ ಹತ್ರ ಲೇಸ್ ಕಟ್ಕೊಂಡು ಕೂತಿದ್ದ. ಅವನೇ ಎಲ್ಲರನ್ನೂ ಆನ್‌ಸೈಡ್ ಮಾಡಿದ್ದು.

ಶಿಡ್ಲಘಟ್ಟ_ರೇಷ್ಮೆಗೂಡು · ಭಾನುವಾರ ಮಧ್ಯಾಹ್ನ 1:17

ಬೆರಳು ಮರಗಟ್ಟಿತ್ತೇನೋ ಪಾಪ.